ಗಂಡ ಬೋಟಿಗೆ ಹೋದಾಗ ಛಾಯಾ ಗುಳಿಗೆ ನಿಲ್ಲಿಸಬಹುದಾ?

ನಿಲ್ಲಿಸಬೇಡಿ. ಛಾಯಾ ಅಂದರೆ ಬಸಿರು ನಿಲ್ಲದಿರಲು ನುಂಗುವ ಗುಳಿಗೆ, ಬೇಕಾದಾಗ ಬಿಟ್ಟು ನುಂಗುವಂಥದ್ದಲ್ಲ. ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೆ ಕಾರವಾರದ ಬೈತಖೋಲದಲ್ಲಿದ್ದ ನನ್ನ ಶೆಡ್ ಮನೆ ಕಣ್ಣ ಮುಂದೆ ಬಂತು. ನಮ್ಮವರೂ ಟ್ರಾಲರಿಗೆ ಹೋಗುವವರು, ಹೋದರೆ ಎಂಟು-ಹತ್ತು ದಿನ. ಗಂಡಸೇ ಇಲ್ಲದ ಮನೆಯಲ್ಲಿ ಗುಳಿಗೆ ಯಾಕೆ ಅಂತ ನಾನೂ ಬಿಟ್ಟೆ. ಬೋಟು ಬಂದ ದಿನ ಒಂದು ನುಂಗಿದರೆ ಮುಗೀತು ಅಂದುಕೊಂಡಿದ್ದೆ. ಆಗಸ್ಟಿನಲ್ಲಿ ಮೀನುಗಾರಿಕೆ ಶುರುವಾಯಿತು, ದೀಪಾವಳಿಗೆ ನನಗೆ ಎರಡು ತಿಂಗಳು.

ಎಲ್ಲರೂ ಅದನ್ನು 'ವಾರದ ಗುಳಿಗೆ' ಅನ್ನುತ್ತಾರಲ್ಲ, ಕೆಟ್ಟಿದ್ದು ಅಲ್ಲೇ. ಮುಟ್ಟಿನ ಮೊದಲ ದಿನ ಮೊದಲ ಗುಳಿಗೆ. ಅದು ಭಾನುವಾರವಾದರೆ ಭಾನುವಾರ-ಬುಧವಾರ, ಸೋಮವಾರವಾದರೆ ಸೋಮವಾರ-ಗುರುವಾರ, ಹೀಗೆ ಮೂರು ತಿಂಗಳು ವಾರಕ್ಕೆರಡು. ನಾಲ್ಕನೇ ತಿಂಗಳಿಂದ ಮೊದಲ ಗುಳಿಗೆ ನುಂಗಿದ ಆ ದಿನವೇ (ಭಾನುವಾರವಾದರೆ ಭಾನುವಾರವೇ) ವಾರಕ್ಕೊಂದು. ನಡುವೆ ಮುಟ್ಟಾದರೂ, ಗಂಡ ಮನೆಯಲ್ಲಿದ್ದರೂ ಇಲ್ಲದಿದ್ದರೂ, ಆ ದಿನ ಬದಲಿಸುವಂತಿಲ್ಲ. ಮೈಯಲ್ಲಿ ಮದ್ದು ನಿಲ್ಲುವುದು ಆ ಮೂರು ತಿಂಗಳ ಪಾಯದ ಮೇಲೆ. ಮರೆತು ಏಳು ದಿನದೊಳಗಾದರೆ ನೆನಪಾದ ಕೂಡಲೇ ನುಂಗಿ, ಮುಂದಿನ ಮುಟ್ಟಿನ ತನಕ ನಿರೋಧ್ ಬಳಸಿ. ಏಳು ದಿನ ದಾಟಿತೋ, ಪಾಯ ಹೋಯಿತು. ಮತ್ತೆ ಮುಟ್ಟಿನ ಮೊದಲ ದಿನದಿಂದ ವಾರಕ್ಕೆರಡು. ನಾನು ಬಿಟ್ಟುಬಿಟ್ಟು ನುಂಗಿ, ಎಂಟು ಗುಳಿಗೆಯ ಸ್ಟ್ರಿಪ್ಪಿನಲ್ಲಿ ಇನ್ನೂ ಐದು ಉಳಿದಿದೆ ಅಂತ ಖುಷಿ ಬೇರೆ ಪಟ್ಟಿದ್ದೆ!

ಗರ್ಭ ತೆಗೆಸಲು ಹೋದ ಕಡೆ ಗಂಡನ ಸಹಿ ಬೇಕು ಅಂದರು. ಗಂಡ ಸಮುದ್ರದಲ್ಲಿ. ಎರಡು ವಾರ ಸುಮ್ಮನೆ ಹೋಯಿತು. ಹದಿನೆಂಟು ತುಂಬಿದವಳಿಗೆ ಅವಳ ಸಹಿ ಒಂದೇ ಸಾಕು, 20 ವಾರದ ತನಕ ಒಬ್ಬ ಡಾಕ್ಟರರ ಅಭಿಪ್ರಾಯ ಸಾಕು, ಕಾನೂನು ಇರುವುದೇ ಹಾಗೆ. ನನಗದು ಗೊತ್ತಾಗಿದ್ದು ಆಮೇಲೆ.

ರೇಷನ್ ಕಾರ್ಡು ಹಾವೇರಿಯದು, ಅದಕ್ಕೇ ಪ್ರೈವೇಟಿಗೆ ಹೋಗುತ್ತೇನೆ ಅಂದಿದ್ದೀರಿ. ಗುಳಿಗೆಗೆ ಯಾವ ಕಾರ್ಡೂ ಬೇಡ. ನಗರ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತದೆ, ಆಶಾ ಕಾರ್ಯಕರ್ತೆಯನ್ನೂ ಕೇಳಬಹುದು. ಆದರೆ ನನ್ನ ಕೇಳಿದರೆ, ಬೋಟಿನ ಮನೆಗೆ ಕ್ಯಾಲೆಂಡರ್ ನೋಡಿ ನುಂಗುವ ಮದ್ದೇ ಸರಿ ಹೋಗುವುದಿಲ್ಲ. ಗರ್ಭಕೋಶದೊಳಗೆ ಇಡುವ ಕಾಪರ್ ಟಿ 380ಎ ಹಾಕಿಸಿಕೊಳ್ಳಿ, ಹತ್ತು ವರ್ಷ ಬರುತ್ತದೆ. ಮೊದಲ ಕೆಲವು ತಿಂಗಳು ಮುಟ್ಟು ಜಾಸ್ತಿ ಹೋಗುತ್ತದೆ, ಹೊಟ್ಟೆ ಹಿಡಿದುಕೊಳ್ಳುತ್ತದೆ. ನಾನು ಈಗ ಅದರಲ್ಲೇ ಇದ್ದೇನೆ.

ಅದು ಆಮೇಲಿನ ಮಾತು. ಗುಳಿಗೆ ಬಿಟ್ಟು ಮೂರು ವಾರ, ನಿಮ್ಮವರು ಬಂದಿದ್ದು ನಿನ್ನೆ ರಾತ್ರಿ ಅಂದಿರಿ. ಇವತ್ತೇ ಆಶಾ ಮನೆಗೆ ಹೋಗಿ ತುರ್ತು ಗುಳಿಗೆ ಕೇಳಿ. ಗಂಡನ ಜೊತೆ ಕೂಡಿದ 72 ಗಂಟೆಯೊಳಗೆ ಒಂದು. ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು. ಮುಟ್ಟಾಗುವ ತನಕ ನಿರೋಧ್ ಇಲ್ಲದೆ ಬೇಡ. ಮೂರು ವಾರ ಕಳೆದರೂ ಆಗದಿದ್ದರೆ ಬಸಿರೋ ಅಂತ ನೋಡುವ ನಿಶ್ಚಯ್ ಕಿಟ್ ಆ ಆಶಾ ಹತ್ತಿರವೇ ಇರುತ್ತದೆ, ಇಸಿದುಕೊಳ್ಳಿ.