ಸ್ಪೇನ್‌ನಲ್ಲಿ ಸಿಟಿ ಬಿಟ್ಟು ಹಳ್ಳಿ ಕಡೆ ಬೆಟ್ಟ, ಕಣಿವೆ, ಟ್ರೇಲ್ ನೋಡೋಕೆ ಎಲ್ಲಿಗೆ ಹೋಗ್ಬೇಕು? ಅಪ್ಪ ಅಮ್ಮನೂ ಜೊತೆಗಿರ್ತಾರೆ

ನೀವು ಕೇಳಿರೋದು ಇಷ್ಟು: ಏಪ್ರಿಲ್ ಶುರುವಲ್ಲಿ ಮ್ಯಾಡ್ರಿಡ್‌ಗೆ ಬಂದಿಳೀತೀರ, ಮ್ಯೂಸಿಯಂ ಚರ್ಚು ಎಲ್ಲಾ ಎರಡು ದಿನಕ್ಕೆ ಸಾಕು, ಆಮೇಲೆ ನಾಲ್ಕೈದು ದಿನ ಹಳ್ಳಿ ಕಡೆ ಓಡಾಡ್ಬೇಕು, ಜೊತೆಗೆ ಅರವತ್ತು ದಾಟಿರೋ ಅಪ್ಪ ಅಮ್ಮ, ಅಮ್ಮನಿಗೆ ಮಂಡಿ ನೋವು, ಎಲ್ರೂ ವೆಜ್. ನಾನು ಮ್ಯಾಡ್ರಿಡ್‌ನಲ್ಲೇ ಕೆಲಸದಲ್ಲಿರೋದು, ಊರಿಂದ ಯಾರು ಬಂದ್ರೂ ಕರ್ಕೊಂಡು ಹೋಗೋ ಜಾಗ ಒಂದೇ, ಎಕ್ಸ್ಟ್ರೆಮದುರಾ. ಪೋರ್ಚುಗಲ್ ಗಡಿಗೆ ಅಂಟ್ಕೊಂಡಿರೋ ಸೀಮೆ ಅದು, ಅದ್ರಲ್ಲೂ ನಿಮಗೆ ಬೇಕಾಗಿರೋದು ಉತ್ತರದ ಕಾಸೆರೆಸ್ ಜಿಲ್ಲೆ.

ಬೇರೆಯವ್ರು ಸ್ಪೇನ್‌ನ ಉತ್ತರದಲ್ಲಿರೋ ಪಿಕೋಸ್ ದೆ ಯೂರೋಪಾ ಬೆಟ್ಟಸಾಲು ಅಂತ ಹೇಳ್ತಾರೆ, ಚೆನ್ನಾಗೇ ಇದೆ, ಇಲ್ಲ ಅನ್ನಲ್ಲ. ಆದ್ರೆ ಅಲ್ಲಿನ ಫೇಮಸ್ ಕಾರೆಸ್ ಟ್ರೇಲ್ ಒಂದು ಕಡೆಗೇ ಸುಮಾರು 12 ಕಿ.ಮೀ., ಪಕ್ಕದಲ್ಲಿ ಪ್ರಪಾತ, ರೇಲಿಂಗೂ ಇಲ್ಲ, ಏಪ್ರಿಲ್‌ನಲ್ಲಿ ಮಳೆ ಹಿಡಿದ್ರೆ ಬಿಡೋದೇ ಇಲ್ಲ. ಮಂಡಿ ನೋವಿರೋರನ್ನ ಅಲ್ಲಿಗೆ ಕರ್ಕೊಂಡು ಹೋಗೋದು ಬೇಡ. ಎಕ್ಸ್ಟ್ರೆಮದುರಾದಲ್ಲಿ ಒಂದು ಅನುಕೂಲ ಏನಂದ್ರೆ, ನೋಡಬೇಕಾದ್ದು ಎಷ್ಟೋ ಸಲ ರೋಡ್ ಪಕ್ಕದಲ್ಲೇ ಇರತ್ತೆ, ನಡೆಯೋಕೆ ಆಗೋರು ಮುಂದಕ್ಕೆ ಹೋಗ್ಬಹುದು, ಆಗದೇ ಇರೋರು ಅಲ್ಲೇ ಕೂತು ನೋಡ್ಬಹುದು, ಇಬ್ರಿಗೂ ಮೋಸ ಇಲ್ಲ.

ಪ್ಲಸೆನ್ಸಿಯಾ ಅನ್ನೋ ಊರಲ್ಲಿ ರೂಮ್ ಮಾಡಿ, ದಿನಕ್ಕೊಂದು ಹೋಟೆಲ್ ಬದಲಾಯಿಸ್ಬೇಡಿ. ಮ್ಯಾಡ್ರಿಡ್‌ನಿಂದ ಕಾರಲ್ಲಿ ಎರಡೂವರೆ ಮೂರು ಗಂಟೆ. ರೈಲೂ ಇದೆ, ಆದ್ರೆ ಇಳಿದ್ಮೇಲೆ ಏನ್ಮಾಡ್ತೀರ, ಕಾಡಿನ ಕಡೆಗೆ ಬಸ್ ನಂಬ್ಕೊಂಡು ಹೋಗೋ ಹಾಗಿಲ್ಲ, ಅದಕ್ಕೇ ಕಾರ್ ಬೇಕೇ ಬೇಕು. ಊರಿಂದ ಬರುವಾಗ್ಲೇ ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸ್ಕೊಂಡು ಬನ್ನಿ, ಇಲ್ಲಿ ಬಂದ್ಮೇಲೆ ಅದು ಆಗೋ ಕೆಲಸ ಅಲ್ಲ. ಮಂಗಳವಾರ ಊರಲ್ಲಿದ್ರೆ ದೊಡ್ಡ ಚೌಕದಲ್ಲಿ ಸಂತೆ ಸೇರತ್ತೆ, ನಮ್ಮ ವಾರದ ಸಂತೆಯೇ, ನೋಡಿ.

ಈಗ ಮೇನ್ ವಿಷಯ, ಮೊನ್ಫ್ರಾಗ್ವೆ. ಪ್ಲಸೆನ್ಸಿಯಾದಿಂದ ಅರ್ಧ ಗಂಟೆ ದೂರ, 2007ರಲ್ಲಿ ನ್ಯಾಷನಲ್ ಪಾರ್ಕ್ ಆಯ್ತು. ತಾಹೊ ಮತ್ತೆ ತಿಯೆತಾರ್ ಅಂತ ಎರಡು ನದಿ ಸೇರೋ ಜಾಗ, ಲಿಸ್ಬನ್ ಹತ್ರ ಸಮುದ್ರ ಸೇರತ್ತಲ್ಲ ಟೇಗಸ್, ಅದೇ ಈ ತಾಹೊ. ಪಾರ್ಕ್ ಒಳಗೆ ಊರು ಅಂತ ಇರೋದು ವಿಯ್ಯಾರಿಯಾಲ್ ದೆ ಸಾನ್ ಕಾರ್ಲೋಸ್ ಒಂದೇ, ಅದೂ ನಾಲ್ಕು ಮನೆ. 18ನೇ ಶತಮಾನದಲ್ಲಿ ದಾರಿಗಳ್ಳರ ಕಾಟ ತಡೆಯೋಕೆ ಅಂತ ಮೂರನೇ ಕಾರ್ಲೋಸ್ ರಾಜ ಕಟ್ಟಿಸಿದ್ದು. ಅಲ್ಲೇ ಇನ್ಫರ್ಮೇಷನ್ ಸೆಂಟರ್, ಮ್ಯಾಪ್ ಕೊಡ್ತಾರೆ, ಟ್ರೇಲ್‌ಗಳಿಗೆ ಬಣ್ಣದ ಹೆಸರು: ಕೆಂಪು ಬಣ್ಣದ್ದು ಅಲ್ಲಿನ ಕೋಟೆ ಕಡೆಗೆ, ಹಸಿರು ಬಣ್ಣದ್ದು ಸೆರ್ರೊ ಹಿಮಿಯೊ ಅನ್ನೋ ಗುಡ್ಡಕ್ಕೆ. ಕೆಂಪು ಉದ್ದ ಜಾಸ್ತಿ, ಹಸಿರು ಅರ್ಧ ದಿನದ್ದು, ನಿಮಗೆ ಅದೇ ಸರಿ.

ಆದ್ರೆ ಅದಕ್ಕೂ ಮೊದ್ಲು ಸಾಲ್ತೊ ದೆಲ್ ಹಿತಾನೊಗೆ ಹೋಗಿ. ರಸ್ತೆ ಪಕ್ಕದಲ್ಲೇ ಒಂದು ವ್ಯೂಪಾಯಿಂಟ್, ಕಾರ್ ನಿಲ್ಸಿ ನಾಲ್ಕು ಹೆಜ್ಜೆ, ಎದುರಿಗೆ ನದಿಯ ಆಚೆ ದಡದಲ್ಲಿ ನೆಟ್ಟಗೆ ನಿಂತಿರೋ ಕಲ್ಲಿನ ಗೋಡೆ, ಅದ್ರ ಹೆಸರು ಪೆನ್ಯಾ ಫಾಲ್ಕೊನ್. ಆ ಗೋಡೆ ತುಂಬಾ ರಣಹದ್ದು. ಇಲ್ಲಿ ಬೆಳಗ್ಗೆ ಐದಕ್ಕೆ ಎದ್ದು ಓಡೋದು ಬೇಡ, ಯಾಕಂದ್ರೆ ಇವು ಬಿಸಿಲು ಏರಿ ಗಾಳಿ ಬಿಸಿಯಾಗಿ ಮೇಲೇಳೋ ತನಕ ಬಂಡೆ ಬಿಟ್ಟು ಕದಲಲ್ಲ, ಅಷ್ಟು ಭಾರದ ಮೈನ ರೆಕ್ಕೆ ಬಡ್ಕೊಂಡೇ ಎತ್ತೋಕೆ ಅವಕ್ಕೂ ಕಷ್ಟ. ಹತ್ತು ಗಂಟೆ ಹೊತ್ತಿಗೆ ಒಂದೊಂದೇ ಬಂಡೆ ಬಿಟ್ಟು ಹಾರತ್ತೆ. ನೀವು ನಿಂತಿರೋ ಜಾಗ ಎತ್ತರ, ಹಾಗಾಗಿ ಮೊದ್ಲು ಅವು ನಿಮ್ಮ ಕಾಲ ಕೆಳಗೆ ಹಾರ್ತಾ ಇರತ್ವೆ, ಕಂದು ಬೆನ್ನು, ಬಿಳಿ ನವಿರಿನ ಕತ್ತು, ರೆಕ್ಕೆ ತುದೀಲಿ ಬೆರಳಿನ ಥರ ಬಿಡಿ ಬಿಡಿ ಗರಿ ಎಲ್ಲಾ ಬೈನಾಕ್ಯುಲರ್ ಇಲ್ದೇನೇ ಕಾಣತ್ತೆ, ಆಮೇಲೆ ಸುತ್ತು ಹಾಕ್ತಾ ಹಾಕ್ತಾ ಕಣ್ಣಿನ ಮಟ್ಟಕ್ಕೆ ಬಂದು, ತಲೆ ಮೇಲೆ ಹೋಗುವಾಗ ಗರಿ ಗಾಳಿ ಸೀಳೋ ಸದ್ದು ಕೇಳತ್ತೆ. ನಮ್ಮಮ್ಮ ಒಂದು ಪ್ಲಾಸ್ಟಿಕ್ ಸ್ಟೂಲ್ ಹಾಕ್ಕೊಂಡು ಅಲ್ಲಿಂದ ಏಳೋಕೇ ಒಪ್ಪಲಿಲ್ಲ, ನಾವು ಕೋಟೆ ಹತ್ತಿ ಇಳಿದು ಬಂದಾಗ್ಲೂ ಅಲ್ಲೇ ಇದ್ರು.

ಬಂಡೆ ಮೇಲೆ ಗೂಡು ಕಟ್ಟೋದು ಗ್ರಿಫನ್ ಜಾತಿ. ಕಪ್ಪು ರಣಹದ್ದು ಬೇರೆ, ಅದು ಮರದ ಮೇಲೆ ಗೂಡು ಕಟ್ಟತ್ತೆ, ರೆಕ್ಕೆ ಬಿಚ್ಚಿದ್ರೆ ಮೂರು ಮೀಟರ್ ಹತ್ರ ಬರತ್ತೆ, ಪ್ರಪಂಚದಲ್ಲೇ ಆ ಜಾತಿಯ ತುಂಬಾ ದೊಡ್ಡ ಗುಂಪುಗಳಲ್ಲಿ ಒಂದು ಮೊನ್ಫ್ರಾಗ್ವೆದಲ್ಲೇ ಇರೋದು. ಏಪ್ರಿಲ್‌ಗೆ ಆಫ್ರಿಕಾದಿಂದ ಬಿಳಿ ರಣಹದ್ದು, ಕಪ್ಪು ಕೊಕ್ಕರೆ ಕೂಡ ಬಂದಿರತ್ವೆ, ಅದಕ್ಕೇ ಈ ತಿಂಗಳು ಒಳ್ಳೇ ಟೈಮು ಅಂದಿದ್ದು.

ಇಲ್ಲಿ ಒಂದು ಮಾತು ಹೇಳ್ಬೇಕು, ಪ್ರಶ್ನೆಗೆ ಸಂಬಂಧ ಕಮ್ಮಿ ಆದ್ರೂ. ರಾಮನಗರದ ರಾಮದೇವರ ಬೆಟ್ಟದಲ್ಲಿ 2012ರಲ್ಲಿ ರಣಹದ್ದುಗಳಿಗೇ ಅಂತ ಅಭಯಾರಣ್ಯ ಮಾಡಿದ್ರು, ಹೋದ್ರೆ ಒಂದು ಕಂಡ್ರೆ ಪುಣ್ಯ. ನಮ್ಮ ದೇಶದಲ್ಲಿ ಅವು ಹೀಗಾಗಿದ್ದು ದನಕ್ಕೆ ಕೊಡ್ತಿದ್ದ ಡೈಕ್ಲೋಫೆನಾಕ್ ಅನ್ನೋ ನೋವಿನ ಔಷಧಿಯಿಂದ, ಆ ಹೆಣ ತಿಂದ ಹದ್ದಿಗೆ ಕಿಡ್ನಿ ಹೋಗತ್ತೆ, 2006ರಲ್ಲಿ ದನಕ್ಕೆ ಕೊಡೋದನ್ನ ನಿಲ್ಲಿಸಿದ್ರು. ಇಷ್ಟೆಲ್ಲಾ ಗೊತ್ತಿದ್ದೂ ಸ್ಪೇನ್ 2013ರಲ್ಲಿ ಅದೇ ಔಷಧೀನ ದನ ಹಂದಿಗೆ ಕೊಡೋಕೆ ಪರ್ಮಿಷನ್ ಕೊಡ್ತು, ನಂಗೆ ಇವತ್ತಿಗೂ ಅರ್ಥ ಆಗಲ್ಲ. ಅದಕ್ಕೂ ಮುಂಚೆ ಹುಚ್ಚು ಹಸು ರೋಗದ ಗಲಾಟೇಲಿ ಸತ್ತ ದನ ಹೊಲದಲ್ಲಿ ಬಿಡಬಾರ್ದು ಅಂತ ಯುರೋಪಿನ ರೂಲ್ ಬಂದು ಹದ್ದುಗಳು ಹಸಿವಿಂದ ಒದ್ದಾಡಿದ್ವು, 2011ರ ಹೊತ್ತಿಗೆ ಅದನ್ನ ಸಡಿಲ ಮಾಡಿದ್ರು. ಅಂದ್ರೆ ಈ ಬಂಡೆ ಮೇಲಿನ ಹದ್ದು ಬದುಕೋದು ಸುತ್ತಲಿನ ರೈತರ ದನ ಕುರಿಯಿಂದಾನೇ, ಬರೀ ಕಾಡಿಂದಲ್ಲ.

ಆ ದನ ಕುರಿ ಮೇಯೋ ಜಾಗಕ್ಕೆ ದೆಹೇಸಾ ಅಂತಾರೆ. ಓಕ್ ಮರಗಳು ದೂರ ದೂರ, ಕೆಳಗೆ ಹುಲ್ಲು, ಏಪ್ರಿಲ್‌ನಲ್ಲಿ ಹುಲ್ಲಿಗಿಂತ ಹೂವೇ ಜಾಸ್ತಿ. ಕೆಲವು ಮರದ ಬುಡ ಎದೆ ಎತ್ತರಕ್ಕೆ ಇಟ್ಟಿಗೆ ಕೆಂಪು ಬಣ್ಣ ಇರತ್ತೆ, ರೋಗ ಅಲ್ಲ, ಬಾಟಲಿ ಬಿರಡೆಗೆ ಅಂತ ತೊಗಟೆ ಸುಲಿದಿರೋದು, ಒಮ್ಮೆ ಸುಲಿದ್ರೆ ಇನ್ನು ಒಂಬತ್ತು ವರ್ಷ ಮುಟ್ಟೋ ಹಾಗಿಲ್ಲ. ನೀವು ನಡೆಯೋ ದಾರಿ ಇಂಥ ಖಾಸಗಿ ಜಮೀನು ದಾಟೇ ಹೋಗತ್ತೆ. ಗೇಟ್ ಸಿಕ್ಕಿದ್ರೆ ತೆಗೆದು ಒಳಗೆ ಹೋಗಿ, ಹಿಂದೆ ಮುಚ್ಚಿ, ಅಷ್ಟೇ ಶಿಷ್ಟಾಚಾರ. ಕರ್ಣದ ಗೆರೆಯಲ್ಲಿ ಅರ್ಧ ಕಪ್ಪು ಅರ್ಧ ಬಿಳುಪು ಇರೋ ಸಣ್ಣ ಬೋರ್ಡ್ ಕಂಡ್ರೆ ಅದು ಬೇಟೆ ಜಾಗ, ದಾರಿ ಬಿಟ್ಟು ಒಳಗೆ ನುಗ್ಬೇಡಿ. ಟ್ರೇಲ್ ಗುರುತು ಸ್ಪೇನ್ ಪೂರ್ತಿ ಒಂದೇ ಥರ: ಬಿಳಿ ಕೆಂಪು ಪಟ್ಟಿ ಅಂದ್ರೆ ದಿನಗಟ್ಟಲೆ ನಡೆಯೋ ಉದ್ದದ ದಾರಿ, ಬಿಳಿ ಹಳದಿ ಅಂದ್ರೆ ಒಂದೆರಡು ದಿನದ್ದು, ಬಿಳಿ ಹಸಿರು ಅಂದ್ರೆ ಚಿಕ್ಕದು, ಎರಡು ಪಟ್ಟಿ ಕ್ರಾಸ್ ಆಗಿದ್ರೆ ಈ ಕಡೆ ಅಲ್ಲ ವಾಪಸ್ ಹೋಗು ಅಂತ. ಇದು ತಲೇಲಿದ್ರೆ ಭಾಷೆ ಬರದೇ ಇದ್ರೂ ದಾರಿ ತಪ್ಪಲ್ಲ.

ಇನ್ನೊಂದು ದಿನ ಹೆರ್ತೆ ಕಣಿವೆ. ಹತ್ತು ಲಕ್ಷ ದಾಟೋ ಚೆರ್ರಿ ಮರ, ಬೆಟ್ಟದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಲ್ಲು ಕಟ್ಟಿ ಬೆಳ್ಸಿದಾರೆ, ಮಾರ್ಚ್ ಕೊನೆ ಏಪ್ರಿಲ್ ಮೊದಲಲ್ಲಿ ಎರಡು ವಾರ ಪೂರ್ತಿ ಬಿಳಿ ಹೂವು. ಆದ್ರೆ ಹೂವು ಸಿಗತ್ತೆ ಅಂತ ಗ್ಯಾರಂಟಿ ಕೊಡಲ್ಲ, ಚಳಿ ಹೇಗಿತ್ತು ಅನ್ನೋದ್ರ ಮೇಲೆ ಹಿಂದೆ ಮುಂದೆ ಆಗತ್ತೆ, ಕೆಳಗಿನ ಊರಲ್ಲಿ ಮೊದ್ಲು ಅರಳಿ ಮುಗೀತಾ ಬಂದ್ರೂ ಮೇಲೆ ತೋರ್ನಾವಾಕಾಸ್ ಕಡೆ ಇನ್ನೂ ಇರತ್ತೆ, ಹಾಗಾಗಿ ಕೆಳಗೆ ಇಲ್ಲ ಅಂತ ವಾಪಸ್ ಬರ್ಬೇಡಿ, ಕಾರಲ್ಲೇ ಘಾಟಿ ತನಕ ಹತ್ತಿ ನೋಡಿ. ವೀಕೆಂಡ್ ಮಾತ್ರ ಬೇಡ್ವೇ ಬೇಡ, ಅರ್ಧ ಮ್ಯಾಡ್ರಿಡ್ ಅಲ್ಲಿರತ್ತೆ. ಹಣ್ಣು ಬೇಕಂದ್ರೆ ಜೂನ್ ಜುಲೈ, ಅಲ್ಲಿನ ಪಿಕೋತಾ ಅನ್ನೋ ಚೆರ್ರಿಗೆ ತೊಟ್ಟೇ ಇರಲ್ಲ, ಕೀಳುವಾಗ ಅದು ಮರದಲ್ಲೇ ಉಳ್ಕೊಳತ್ತೆ.

ಅಲ್ಲೇ ಗರ್ಗಾಂತಾ ದೆ ಲೋಸ್ ಇನ್ಫಿಯೆರ್ನೋಸ್, ನರಕದ ಕಮರಿ ಅಂತ ಹೆಸರು, ನಡಿಗೆ ಮಾತ್ರ ಸುಲಭ. ಸುಮಾರು ಮೂರು ಕಿ.ಮೀ. ನಡೆದ್ರೆ ಲೋಸ್ ಪಿಲೋನೆಸ್ ಬರತ್ತೆ, ಗ್ರಾನೈಟ್ ಹಾಸಿನ ಮೇಲೆ ನೀರಿನ ಸುಳಿ ಬೆಣಚುಕಲ್ಲುಗಳನ್ನ ತಿರುಗಿಸಿ ತಿರುಗಿಸಿ ಒರಳಿನ ಹಾಗೆ ಗುಂಡಿ ಕೊರೆದಿದೆ, ಒಂದರಿಂದ ಇನ್ನೊಂದಕ್ಕೆ ನೀರು ಜಾರ್ತಾ ಹೋಗತ್ತೆ. ಏಪ್ರಿಲ್‌ನಲ್ಲಿ ಅದು ಹಿಮ ಕರಗಿದ ನೀರು, ಕಾಲಿಟ್ರೆ ಮೂಳೆ ತನಕ ಕೊರೆಯತ್ತೆ, ಬಂಡೆ ಬೇರೆ ಜಾರತ್ತೆ, ಅಪ್ಪ ಅಮ್ಮನ್ನ ದಡದಲ್ಲೇ ಕೂರ್ಸಿ. ಇದೇ ಕಮರಿ ದಾಟಿ ಹೋಗೋ ಇನ್ನೊಂದು ದಾರಿ ಇದೆ, ಸ್ಪೇನ್ ಆಳ್ತಿದ್ದ ಐದನೇ ಕಾರ್ಲೋಸ್ ಚಕ್ರವರ್ತಿ ಪಟ್ಟ ಬಿಟ್ಟು 1556ರಲ್ಲಿ ಈ ಬೆಟ್ಟ ದಾಟಿದ್ದು ಅದ್ರಲ್ಲೇ. ಗೌಟ್ ಅನ್ನೋ ಕೀಲುನೋವಿನ ಕಾಯಿಲೆ ಆಗಿ ಅವನಿಗೂ ನಡೆಯೋಕೆ ಆಗ್ತಿರ್ಲಿಲ್ಲ, ಹೊತ್ಕೊಂಡು ಹೋದ್ರು. ಬೆಟ್ಟದ ಆ ಕಡೆ ಯುಸ್ತೆ ಮಠದಲ್ಲಿ ಉಳಿದು 1558ರಲ್ಲಿ ತೀರ್ಕೊಂಡ. ನಡೆದು ದಾಟೋದು 25 ಕಿ.ಮೀ. ಮೇಲೆ, ನಿಮಗಲ್ಲ, ಯುಸ್ತೆಗೆ ಕಾರಲ್ಲೇ ಹೋಗಿ.

ಟೈಮ್ ಉಳಿದ್ರೆ ಕಾಸೆರೆಸ್ ಊರಿನ ಹತ್ರ ಲೋಸ್ ಬಾರ್ರುಯೆಕೋಸ್. ಗುಂಡು ಬಂಡೆಗಳು, ಮಧ್ಯೆ ಕೆರೆ, ಹಂಪಿ ನೋಡಿರೋರಿಗೆ ಅಂಥಾ ಆಶ್ಚರ್ಯ ಆಗಲ್ಲ, ಆದ್ರೆ ಬಂಡೆ ತುದೀಲಿ ಬಿಳಿ ಕೊಕ್ಕರೆ ದೊಡ್ಡ ದೊಡ್ಡ ಗೂಡು ಕಟ್ಟಿರೋದು ಹಂಪೀಲಿ ಸಿಗಲ್ಲ. ಅವಕ್ಕೆ ಕೂಗೋಕೆ ಸರಿಯಾಗಿ ದನಿಯಿಲ್ಲ, ಕೊಕ್ಕು ಪಟಪಟ ಬಡಿಯತ್ವೆ, ಕೆರೆ ಸುತ್ತಾ ಅದೇ ಸದ್ದು.

ಊಟದ ಬಗ್ಗೆ ನೇರವಾಗಿ ಹೇಳ್ತೀನಿ, ಇದು ಹಂದಿ ಮಾಂಸದ ಸೀಮೆ. ಮೀಟ್ ಬೇಡ ಅಂದ್ರೆ ಸಾಲಲ್ಲ, ಹ್ಯಾಮ್‌ನ ಎಷ್ಟೋ ಕಡೆ ಮಾಂಸ ಅಂತಾನೇ ಲೆಕ್ಕಕ್ಕೆ ತಗೊಳಲ್ಲ, "ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಪೆಸ್ಕಾದೊ" ಅಂತ, ಅಂದ್ರೆ ಮಾಂಸ ಬೇಡ, ಹ್ಯಾಮ್ ಬೇಡ, ಮೀನು ಬೇಡ ಅಂತ, ಮೂರೂ ಬೇರೆ ಬೇರೆ ಹೇಳಿ. ಮೊಟ್ಟೆ ತಿಂತೀರಾದ್ರೆ ತೋರ್ತಿಯ್ಯಾ ಅನ್ನೋ ಆಲೂಗಡ್ಡೆ ಆಮ್ಲೆಟ್ ಎಲ್ಲಾ ಕಡೆ ಸಿಗತ್ತೆ. ಚೀಸ್‌ನಲ್ಲಿ ತೋರ್ತಾ ದೆಲ್ ಕಸಾರ್ ಕೇಳಿ, ಕುರಿ ಹಾಲಿಂದು, ಅದಕ್ಕೆ ಹೆಪ್ಪು ಹಾಕೋದು ಕಾಡು ಮುಳ್ಳುಗಿಡದ ಹೂವಿಂದ, ಕರುವಿನ ಹೊಟ್ಟೆಯ ರೆನ್ನೆಟ್ ಅಲ್ಲ. ಎಲ್ಲಕ್ಕಿಂತ ವಾಸಿ ಅಡುಗೆಮನೆ ಇರೋ ಕಾಸಾ ರುರಾಲ್, ಅಂದ್ರೆ ಬಾಡಿಗೆಗೆ ಸಿಗೋ ಹಳ್ಳಿಮನೆ, ತಗೊಂಡು ಅನ್ನ ಸಾರು ಮಾಡ್ಕೊಳೋದು. ಪಕ್ಕದ ಲಾ ವೆರಾ ಸೀಮೆಯಲ್ಲಿ ಓಕ್ ಸೌದೆ ಹೊಗೇಲಿ ಒಣಗಿಸಿದ ಮೆಣಸಿನ ಪುಡಿ ಸಿಗತ್ತೆ, ಪಿಮೆಂತೋನ್, ಬ್ಯಾಡಗಿ ಥರ ಬಣ್ಣ ಜಾಸ್ತಿ ಖಾರ ಕಮ್ಮಿ, ಖಾರ ಬೇಕಿದ್ರೆ ಡಬ್ಬಿ ಮೇಲೆ ಪಿಕಾಂತೆ ಅಂತ ಇರೋದು ತಗೊಳಿ. ಸಾರು ಹೊಗೆ ವಾಸನೆ ಬರತ್ತೆ, ನಮ್ಮಪ್ಪಂಗೆ ಇಷ್ಟ ಆಯ್ತು, ಅಮ್ಮ ಎರಡನೇ ದಿನ ಬೇಡ ಅಂದ್ರು. ಮಧ್ಯಾಹ್ನ ಎರಡರಿಂದ ಐದು ಅಂಗಡಿ ಮುಚ್ಚಿರ್ತಾರೆ, ಭಾನುವಾರ ಪೂರ್ತಿ, ಸಾಮಾನು ಮೊದ್ಲೇ ತಂದಿಟ್ಕೊಳಿ.

ಪ್ಲಾನ್ ಮುಂದಕ್ಕೆ ಹೋಗಿ ಜುಲೈ ಆಗಸ್ಟ್ ಆದ್ರೆ ಈ ಉತ್ತರ ಪೂರ್ತಿ ಮರೆತುಬಿಡಿ, 40 ಡಿಗ್ರಿ ದಾಟತ್ತೆ, ಬೆಂಕಿ ಭಯಕ್ಕೆ ಕೆಲವು ದಾರಿ ಮುಚ್ತಾರೆ. 2025ರ ಆಗಸ್ಟ್‌ನಲ್ಲಿ ಹರಿಯ್ಯಾ ಊರಿನ ಹತ್ರ ಹತ್ತಿದ ಕಾಡ್ಗಿಚ್ಚು ಹತ್ತು ಸಾವಿರ ಹೆಕ್ಟೇರ್ ಮೇಲೆ ಸುಟ್ಟು ಹೆರ್ತೆ ಕಡೆಗೂ ಬಂತು, ಈಗ ಹೋದ್ರೂ ಕೆಲವು ಗುಡ್ಡ ಕಪ್ಪಗೆ ಕಾಣಬಹುದು, ಯಾವ ಟ್ರೇಲ್ ತೆಗೆದಿದೆ ಅಂತ ಟೂರಿಸ್ಟ್ ಆಫೀಸಲ್ಲಿ ಕೇಳಿಯೇ ಹೊರಡಿ. ಎಮರ್ಜೆನ್ಸಿ ನಂಬರ್ 112. ಮತ್ತೆ ನಿಮ್ಮ ಡೇಟ್ ಈಸ್ಟರ್ ವಾರಕ್ಕೇನಾದ್ರೂ ಬಿದ್ರೆ ರೂಮ್ ಇವತ್ತೇ ನೋಡಿ, ಆ ವಾರ ಪ್ಲಸೆನ್ಸಿಯಾದಲ್ಲಿ ಕೊನೇ ಗಳಿಗೇಲಿ ಸಿಗೋ ಚಾನ್ಸೇ ಕಮ್ಮಿ, ಸಿಕ್ಕಿದ್ರೂ ರೇಟ್ ಕೇಳಿ ವಾಪಸ್ ಬರ್ತೀರ.