490 ಮೈಕ್ರಾನ್ ಕಾರ್ನಿಯಾ, ಮೈನಸ್ 6.5 ಪವರ್: ಲೇಸಿಕ್ ಆಗುತ್ತಾ?

ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) 490 ಮೈಕ್ರಾನ್ ದಪ್ಪ, ಪವರ್ ಮೈನಸ್ 6.5, ಒಬ್ಬ ಡಾಕ್ಟರು ಕನ್ನಡಕ ಬಿಡಿಸುವ ಲೇಸರ್ ಚಿಕಿತ್ಸೆಯಾದ ಲೇಸಿಕ್ ಮಾಡಬಹುದು ಅಂದರು, ಇನ್ನೊಬ್ಬರು ಬೇಡ ಅಂದರು, ಯಾರ ಮಾತು ಕೇಳಲಿ ಅಂತ ಕೇಳಿದ್ದೀರಿ. ಲೆಕ್ಕ ಹಾಕಿ ನೋಡೋಣ.

ಮೈನಸ್ ಪವರ್ ಇಳಿಸಲು ಲೇಸರ್ ಕಾರ್ನಿಯಾದ ನಡುಭಾಗವನ್ನು ಸವೆಸಿ ಚಪ್ಪಟೆ ಮಾಡುತ್ತದೆ. 6.5 ಮಿ.ಮೀ. ಅಗಲಕ್ಕೆ ಪ್ರತಿ ಒಂದು ಪವರ್‌ಗೆ ಸುಮಾರು 14 ಮೈಕ್ರಾನ್, ಅಂದರೆ ನಿಮಗೆ 91. ಅದಕ್ಕೂ ಮೊದಲು ಕಾರ್ನಿಯಾದ ಮೇಲ್ಪದರವನ್ನು ಮುಚ್ಚಳದಂತೆ ಕತ್ತರಿಸಿ ಎತ್ತುವ ಫ್ಲ್ಯಾಪ್ 110. ಅದನ್ನು ವಾಪಸ್ ಮುಚ್ಚಿದರೂ ಮೊದಲಿನ ಗಟ್ಟಿತನ ಬರುವುದಿಲ್ಲ, ಹಾಗಾಗಿ ಲೆಕ್ಕದಿಂದ ಬಿಟ್ಟೇಬಿಡಿ. ಉಳಿಯುವುದು 289. ಕನಿಷ್ಠ 250 ಇದ್ದರೆ ಸಾಕು ಅನ್ನುವವರು ಒಪ್ಪುತ್ತಾರೆ, 300 ಬೇಕು ಅನ್ನುವವರು ಒಪ್ಪುವುದಿಲ್ಲ. ಒಟ್ಟು ದಪ್ಪದಲ್ಲಿ ಶೇ. 41 ಹೋದಂತಾಯಿತು, ಶೇ. 40 ಮುಟ್ಟಿದರೆ ಮುಂದೆ ಕಾರ್ನಿಯಾ ಉಬ್ಬಿ ದೃಷ್ಟಿ ಕೆಡುವ ಅಪಾಯ ಏರುತ್ತದೆ. ಬೇಡ ಅಂದವರ ಮಾತೇ ಸರಿ ಅನ್ನುತ್ತೇನೆ.

ಇದರ ಬದಲು ಪಿಆರ್‌ಕೆ ಅನ್ನುವ ಇನ್ನೊಂದು ಲೇಸರ್ ಚಿಕಿತ್ಸೆ ಇದೆ. ಅದರಲ್ಲಿ ಫ್ಲ್ಯಾಪ್ ಇಲ್ಲ, ಆದರೆ ಮೂರ್ನಾಲ್ಕು ದಿನ ಚೆನ್ನಾಗಿ ಉರಿ ಇರುತ್ತದೆ, ಕಾರ್ನಿಯಾ ಮಬ್ಬು ಕಟ್ಟದಂತೆ ಮೈಟೊಮೈಸಿನ್ ಅನ್ನುವ ಔಷಧಿ ಬೇಕಾಗುತ್ತದೆ. ಕಣ್ಣಿನ ಮುಂಭಾಗದಲ್ಲಿ, ಕಾರ್ನಿಯಾದ ಹಿಂದೆ, ಸುಮಾರು 3 ಮಿ.ಮೀ. ಆಳ ಇದ್ದರೆ ಐಸಿಎಲ್ (ಕಣ್ಣಿನೊಳಗೆ ಕೂರಿಸುವ ಲೆನ್ಸ್) ಬಗ್ಗೆ ಕೇಳಿ. ಅದರಲ್ಲಿ ಕಾರ್ನಿಯಾ ಸವೆಸುವುದೇ ಇಲ್ಲ.

ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಿದ್ದರೆ ಅದನ್ನು ಕನಿಷ್ಠ ಎರಡು ವಾರ ಬಿಟ್ಟು ಟೋಪೋಗ್ರಫಿ (ಕಾರ್ನಿಯಾದ ಆಕಾರದ ನಕ್ಷೆ ತೆಗೆಯುವ ಪರೀಕ್ಷೆ) ಮತ್ತೆ ಮಾಡಿಸಿ. ಲೆನ್ಸ್ ಒತ್ತಿದ ಕಾರ್ನಿಯಾದ ನಕ್ಷೆ ನಂಬಲು ಬರುವುದಿಲ್ಲ. ನಕ್ಷೆಯಲ್ಲಿ ಕೆಳಭಾಗ ಕಡಿದಾಗಿ ಕಂಡರೆ ಪಿಆರ್‌ಕೆಯೂ ಬೇಡ.