ಕೋಟೆ, ಅರಮನೆ ಇಲ್ಲದ ನಮ್ಮ ಸಣ್ಣ ಊರಿನ ಇತಿಹಾಸ ಬರೆಯಲು ಎಲ್ಲಿಂದ ಶುರು ಮಾಡಲಿ?

ನಿಮ್ಮ ಪ್ರಶ್ನೆ ಓದಿ ತುಂಬ ಖುಷಿಯಾಯಿತು. ಇತಿಹಾಸ ಓದಿದವನಲ್ಲ, ಈ ಕೆಲಸ ನನ್ನಿಂದ ಆಗುತ್ತದಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ನಾನೂ ಇತಿಹಾಸ ಓದಿದವನಲ್ಲ. ಸಾಗರ ತಾಲ್ಲೂಕಿನಲ್ಲಿ ಹದಿನೈದು ವರ್ಷದಿಂದ ಇದರ ಹಿಂದೆ ಓಡಾಡುತ್ತಿದ್ದೇನೆ.

ಮೊದಲು ವಯಸ್ಸಾದವರ ಹತ್ತಿರ ಹೋಗಿ. ಕಲ್ಲು, ಕಾಗದ ಆಮೇಲೆ. ಆದರೆ "ಊರಿನ ಇತಿಹಾಸ ಹೇಳಿ" ಅಂತ ಮಾತ್ರ ಕೇಳಬೇಡಿ. "ನಂಗೇನು ಗೊತ್ತು ಮಾರಾಯಾ, ಮೇಷ್ಟ್ರನ್ನ ಕೇಳು" ಅಂದುಬಿಡುತ್ತಾರೆ. ಜಾಗದ ಹೆಸರು ಕೇಳಿ. ಈ ಗದ್ದೆಗೆ ಏನಂತಾರೆ, ಆ ಕಟ್ಟೆಗೆ ಯಾಕೆ ಆ ಹೆಸರು, ಸಂತೆಗೆ ಯಾವ ದಾರಿಯಲ್ಲಿ ಹೋಗ್ತಿದ್ರಿ. ನಮ್ಮ ಕಡೆ ಒಬ್ಬ ಅಜ್ಜಿ ಒಂದು ಬೀಳು ಜಾಗಕ್ಕೆ ಸುಂಕದ ಕಟ್ಟೆ ಅಂದರು. ಈಗ ಅಲ್ಲಿ ಕಟ್ಟೆಯೂ ಇಲ್ಲ, ದಾರಿಯೂ ಇಲ್ಲ. ಘಟ್ಟದ ಕೆಳಗಿನಿಂದ ಉಪ್ಪು ಹೊತ್ತ ಎತ್ತುಗಳು ಹತ್ತಿ ಬರುತ್ತಿದ್ದ ದಾರಿ ಅದು ಅಂತ ಅವರ ಮಾತಿನಿಂದಲೇ ತಿಳಿಯಿತು.

ಕಂದಾಯ ಇಲಾಖೆಯ ಗ್ರಾಮ ನಕಾಶೆ ತೆಗೆದುಕೊಂಡು ಹೋಗಿ, ಹೇಳಿದ ಹೆಸರನ್ನು ಸರ್ವೆ ನಂಬರಿನ ಪಕ್ಕ ಅಲ್ಲೇ ಬರೆದುಕೊಳ್ಳಿ. ಹಳೆಯ ದಾಖಲೆಯಲ್ಲಿ ‘ಬೇಚರಾಕ್’ ಅಂತ ಕಂಡರೆ ಬಿಡಬೇಡಿ. ಜನ ಬಿಟ್ಟುಹೋದ ಊರಿಗೆ ಹಾಗೆ ಬರೆಯುತ್ತಾರೆ. ಪಾರ್ಸಿ ಮೂಲದ ಮಾತು, ದೀಪ ಇಲ್ಲದ್ದು ಅಂತ ಅರ್ಥ. ಅಲ್ಲಿನವರು ಯಾಕೆ ಹೋದರು, ಎಲ್ಲಿಗೆ ಹೋದರು ಅಂತ ಸುತ್ತಲಿನ ಊರುಗಳಲ್ಲಿ ಕೇಳಿ.

ನನಗೆ ಈ ಹುಚ್ಚು ಹಿಡಿದದ್ದೇ ಮುಳುಗಿದ ಊರುಗಳಿಂದ. ಶರಾವತಿ ನದಿಗೆ ಅಡ್ಡಲಾಗಿ ಮೊದಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಬಂತು, 1948ರಲ್ಲಿ. 1964ರಲ್ಲಿ ಅದೇ ನದಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಆ ಹಳೆಯ ಅಣೆಕಟ್ಟೇ ನೀರಿನೊಳಗೆ ಹೋಯಿತು. ಜೊತೆಗೆ ಎಷ್ಟೋ ಊರು, ಗದ್ದೆ, ತೋಟ. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಹಳೆಯ ಅಣೆಕಟ್ಟು ಕಾಣುತ್ತದೆ, ನೋಡಲು ಜನ ಹೋಗುತ್ತಾರೆ. ಆದರೆ ಆ ಊರುಗಳಲ್ಲಿ ಯಾರ ಮನೆ ಎಲ್ಲಿತ್ತು, ದೇವರ ಬನ ಯಾವ ಕಡೆ ಇತ್ತು ಅಂತ ಹೇಳುವವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ. ಮುಳುಗಡೆಯಿಂದ ಬಂದ ಒಬ್ಬ ಅಜ್ಜ ನನಗೆ ನೆಲದ ಮೇಲೆ ಕಡ್ಡಿಯಲ್ಲಿ ತಮ್ಮ ಇಡೀ ಕೇರಿ ಬಿಡಿಸಿ ತೋರಿಸಿದ್ದರು. ಮುಂದಿನ ವಾರ ಪೇಪರ್ ತಂದು ಬರೆಸಿಕೊಂಡರಾಯಿತು ಅಂದುಕೊಂಡೆ. ಮುಂದಿನ ವಾರ ಅವರು ಇರಲಿಲ್ಲ. ಇವತ್ತಿಗೂ ಆ ಸಂಕಟ ಹೋಗಿಲ್ಲ. ನಿಮ್ಮ ಹತ್ತಿರ ಫೋನ್ ಇರುತ್ತದಲ್ವಾ, ಆ ಕ್ಷಣದಲ್ಲೇ ರೆಕಾರ್ಡ್ ಮಾಡಿ. ಮೊದಲು ಒಂದು ಮಾತು ಕೇಳಿ ಒಪ್ಪಿಗೆ ಪಡೆದರೆ ಸಾಕು.

ಇನ್ನು ಮನೆಯ ಅಟ್ಟ. ಕೆಳದಿ ಗುಂಡಾ ಜೋಯಿಸರು ಮನೆ ಮನೆ ಅಲೆದು ಓಲೆಗರಿ, ಕಡತ ಕೂಡಿಸಿದ್ದರಿಂದಲೇ ಕೆಳದಿಯ ವಸ್ತುಸಂಗ್ರಹಾಲಯ ಇವತ್ತು ಇದೆ. ಒಮ್ಮೆ ಹೋಗಿ ನೋಡಿ. ಕಡತ ಅಂದರೆ ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಮಡಿಸಿದ ಕಪ್ಪು ಪುಸ್ತಕ. ಅದರಲ್ಲಿ ಬಳಪದಿಂದ ಬರೆದಿರುತ್ತಾರೆ. ಹಾಗಾಗಿ ಧೂಳು ಇದೆ ಅಂತ ಒದ್ದೆ ಬಟ್ಟೆ ತಾಗಿಸಲೇಬೇಡಿ, ಅಕ್ಷರವೂ ಹೋಗುತ್ತದೆ. ಮನೆಯಿಂದ ತರುವ ಆಸೆ ಬೇಡ. ಅಲ್ಲೇ ಜಗಲಿಯಲ್ಲಿ ಬಿಡಿಸಿ, ಹಗಲು ಬೆಳಕಿನಲ್ಲಿ ಒಂದೊಂದೇ ಪುಟ ಫೋಟೋ ತೆಗೆದು ವಾಪಸ್ ಕೊಡಿ. ಆಗ ಪಕ್ಕದ ಮನೆಯವರೂ ನಂಬಿ ಕೊಡುತ್ತಾರೆ.

ಕಡತ ಇರುವುದು ಹೆಚ್ಚಾಗಿ ಲೆಕ್ಕ ಬರೆಯುತ್ತಿದ್ದವರ ಮನೆಯಲ್ಲಿ ಅನ್ನುವುದು ನೆನಪಿರಲಿ. ಅಷ್ಟನ್ನೇ ನಂಬಿದರೆ ನಿಮ್ಮ ಪುಸ್ತಕದಲ್ಲಿ ಗದ್ದೆ ಉತ್ತವರು, ಕೆರೆ ತೋಡಿದವರು ಇರುವುದೇ ಇಲ್ಲ. ಎಲ್ಲ ಕೇರಿಗೂ ಹೋಗಿ. ಹೆಂಗಸರ ಹತ್ತಿರ ಜಾಸ್ತಿ ಹೊತ್ತು ಕೂತುಕೊಳ್ಳಿ.

ಕಲ್ಲಿನ ವಿಷಯ ಬೇಗ ಹೇಳಿಬಿಡುತ್ತೇನೆ. ಬ್ರಿಟಿಷ್ ಕಾಲದ ಶಾಸನತಜ್ಞ ಬಿ. ಎಲ್. ರೈಸ್ ಶುರು ಮಾಡಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಶಾಸನಗಳು ತಾಲ್ಲೂಕುವಾರು ಇವೆ. ನಮ್ಮ ಸಾಗರ, ಸೊರಬದ್ದು 8ನೇ ಸಂಪುಟದಲ್ಲಿ ಸಿಗುತ್ತದೆ. ನಿಮ್ಮ ಊರಿನ ಕಲ್ಲು ಅದರಲ್ಲಿ ಇದೆಯಾ ನೋಡಿ. ಅಕ್ಷರ ಮಾಸಿದ್ದರೆ ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ, ನೆರಳು ಬಿದ್ದು ಎದ್ದು ಕಾಣುತ್ತದೆ. ವೀರಗಲ್ಲು, ಮಾಸ್ತಿಕಲ್ಲು (ಸತಿ ಹೋದವಳ ನೆನಪಿನ ಕಲ್ಲು) ಹೊಲದ ಬದುವಿನಲ್ಲಿದ್ದರೆ ಅಲ್ಲೇ ಇರಲಿ. ದನಗಳಿಗಾಗಿ ಹೋರಾಡಿ ಸತ್ತವನ ಕಲ್ಲು ಆ ಬಯಲಿನಲ್ಲಿ ಯಾಕೆ ನಿಂತಿದೆ ಅಂತ ಆ ಜಾಗ ನೋಡಿದರೇ ಅರ್ಥವಾಗುವುದು. ಜೀರ್ಣೋದ್ಧಾರ ಅಂತ ಶಾಸನದ ಮೇಲೆ ಎನಾಮೆಲ್ ಪೇಂಟ್ ಹೊಡೆಯಲು ಹೊರಟರೆ ಹೋಗಿ ಕೈಮುಗಿದು ತಡೆಯಿರಿ. ನಾನು ಒಂದು ಕಡೆ ಎರಡು ದಿನ ತಡವಾಗಿ ಹೋದೆ, ಒಂದು ಸಾಲೂ ಓದಲು ಉಳಿದಿರಲಿಲ್ಲ.

ಜಾಗದ ಹೆಸರುಗಳ ಪಟ್ಟಿ ಈ ಭಾನುವಾರವೇ ಶುರು ಮಾಡಿ, ನಿಮ್ಮ ಮನೆಯ ಹಿರಿಯರಿಂದಲೇ. ಕಡತ ಸಿಕ್ಕಿ ಅಕ್ಷರ ತಿಳಿಯದಿದ್ದರೆ ಇಲ್ಲೇ ಫೋಟೋ ಹಾಕಿ. ಒಟ್ಟಿಗೆ ಕೂತು ಓದೋಣ.